ಒಂದೇ ಬಣ್ಣದ ಡ್ರಮ್ಮುಗಳು

ಗೋದಾಮಿನ ಡ್ರಮ್ಮುಗಳು ನೋಡುವುದಕ್ಕೆ ಲಕ್ಷಣವಾಗಿಲ್ಲ ಎಂದು ಮಾಲೀಕರ ಮಾವನವರಿಗೆ ಅನ್ನಿಸಿದ್ದೇ ಎಲ್ಲದಕ್ಕೂ ಮೂಲ.

ಮಾವನವರು ನಿವೃತ್ತರು. ಮನೆಯಲ್ಲಿ ಬಿಟ್ಟರೆ ಮಗಳಿಗೆ ಸಂಸಾರ ಮಾಡುವುದನ್ನು ಹೇಳಿಕೊಡುತ್ತಾರೆಂದು ಅಳಿಯ ಅವರನ್ನು ದಿನವೂ ಕಾರಿನಲ್ಲಿ ಕರೆತಂದು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕೂತವರು ಸುಮ್ಮನೆ ಕೂರಬೇಕಲ್ಲ. ಮೊದಲು ಕಿಟಕಿಯ ಗಾಜು ಒರೆಸಿದರು. ಆಮೇಲೆ ತುಕ್ಕು ಹಿಡಿದ ಮೊಳೆಗಳನ್ನೆಲ್ಲ ಆರಿಸಿ ಡಬ್ಬಿಯಲ್ಲಿ ತುಂಬಿಟ್ಟರು. ಕೊನೆಗೆ ಡ್ರಮ್ಮುಗಳ ಮೇಲೆ ಅವರ ಕಣ್ಣು ಬಿತ್ತು. ಕೆಲವು ಕೆಂಪು, ಕೆಲವು ನೀಲಿ, ಎಲ್ಲದರ ಮೈಮೇಲೂ ಹರಿದ ಚೀಟಿ. ರಜೆಯ ದಿನ ಬೀಗದ ಕೈ ಇಸಿದುಕೊಂಡು ಬಂದವರು ಸಂಜೆಯ ಹೊತ್ತಿಗೆ ಚೀಟಿಗಳನ್ನೆಲ್ಲ ಕೆರೆದು ತೆಗೆದು, ಅಷ್ಟೂ ಡ್ರಮ್ಮುಗಳಿಗೆ ಎಲೆಹಸಿರು ಬಣ್ಣ ಹೊಡೆದು, ಒಣಗಿದ ಮೇಲೆ ಇನ್ನೊಂದು ಕೈಯನ್ನೂ ಬಳಿದು ಹೋಗಿದ್ದರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ನೊರೆಯಪ್ಪ ಅಲ್ಲೇ ನಿಂತುಬಿಟ್ಟ. ಅರ್ಧಂಬರ್ಧ ತುಂಬಿದ ಡ್ರಮ್ಮುಗಳು ಸಮವಸ್ತ್ರ ಹಾಕಿಕೊಂಡ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಯಾರ ಮನೆಯ ಮಗು ಯಾವುದು ಎಂದು ಹೆತ್ತವರಿಗೂ ಗುರುತು ಸಿಗುವ ಹಾಗಿರಲಿಲ್ಲ.

"ಹೇಗಿದೆ?" ಎಂದರು ಮಾವನವರು, ಕುರ್ಚಿಯಿಂದ.

"ಚೆನ್ನಾಗಿದೆ ಮಾವನವರೇ," ಎಂದ ನೊರೆಯಪ್ಪ. ಅವನಿಗೆ ಯಾರ ಮನಸ್ಸನ್ನೂ ನೋಯಿಸುವ ಅಭ್ಯಾಸವಿರಲಿಲ್ಲ. ಅವನ ಕಷ್ಟಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಬಂದಿದ್ದವು.

ನೊರೆಯಪ್ಪ ಎನ್ನುವುದು ಅವನ ಹೆಸರಲ್ಲ, ಕಸುಬು ಅಂಟಿಸಿದ ಹೆಸರು. ಮನೆಯ ಚಾವಣಿಗೆ, ತಣ್ಣನೆಯ ಉಗ್ರಾಣಗಳ ಗೋಡೆಗೆ ನೊರೆ ಸಿಂಪಡಿಸುವುದು ಅವನ ಕೆಲಸ. ಆ ನೊರೆ ಎರಡು ಬೇರೆ ಬೇರೆ ದ್ರವಗಳಿಂದ ಹುಟ್ಟುತ್ತದೆ. ಒಂದು ಕಡುಕಂದು, ತೆಳ್ಳಗೆ. ಇನ್ನೊಂದು ಜೇನಿನ ಬಣ್ಣ, ಜೇನಿನ ಹಾಗೇ ಮಂದ. ಬೇರೆ ಬೇರೆ ಇದ್ದಾಗ ಇಬ್ಬರೂ ಸಾಧುಗಳು. ಸಿಂಪಡಿಸುವ ಗನ್ನಿನ ತುದಿಯಲ್ಲಿ ಒಬ್ಬರ ಮುಖ ಒಬ್ಬರು ಕಂಡರೋ, ಬುಸುಗುಟ್ಟಿ ಉಬ್ಬಿ, ಉಬ್ಬಿದ್ದು ಉಬ್ಬಿದ ಹಾಗೇ ಕಲ್ಲಾಗಿ ಕೂರುತ್ತಾರೆ. ಅದಕ್ಕೇ ಗೋದಾಮಿನಲ್ಲಿ ಕಂದು ದ್ರವಕ್ಕೆ ದೊಡ್ಡಪ್ಪ ಎಂದೂ ಜೇನುಬಣ್ಣದ್ದಕ್ಕೆ ಚಿಕ್ಕಪ್ಪ ಎಂದೂ ಹೆಸರು. ದೊಡ್ಡಪ್ಪನಿಗೆ ಕೆಂಪು ಡ್ರಮ್ಮು, ಚಿಕ್ಕಪ್ಪನಿಗೆ ನೀಲಿ. ದೊಡ್ಡಪ್ಪನ ಕೊಳವೆ ಚಿಕ್ಕಪ್ಪನಿಗೆ ಸೋಕಬಾರದು, ಚಿಕ್ಕಪ್ಪನ ನಲ್ಲಿ ದೊಡ್ಡಪ್ಪನಿಗೆ ಮುಟ್ಟಬಾರದು. ಮಡಿ ಎಂದರೆ ಮಡಿ. ಇಷ್ಟು ವರ್ಷವೂ ನೊರೆಯಪ್ಪ ಆ ಮಡಿಯನ್ನು ಕೆಡಿಸಿದವನಲ್ಲ.

ಇವತ್ತಂತೂ ಕೆಡಿಸುವ ಹಾಗೆಯೇ ಇರಲಿಲ್ಲ. ಮಗಳಿಗೆ ಹೆರಿಗೆಯಾಗಿ, ಮೊಮ್ಮಗಳು ಆಗಲೇ ಮಗ್ಗುಲಾಗುತ್ತಿದ್ದಾಳೆಂದು ಸುದ್ದಿ ಬಂದಿತ್ತು. ಅಜ್ಜ ಇನ್ನೂ ಮುಖ ನೋಡಿರಲಿಲ್ಲ. ಹೋಗಲು ಹೊರಟಾಗಲೆಲ್ಲ ಒಂದಲ್ಲ ಒಂದು ಚಾವಣಿ ಅಡ್ಡ ಬಂದಿತ್ತು. ಕೊನೆಗೆ ಮಾಲೀಕರೇ ದೊಡ್ಡ ಮನಸ್ಸು ಮಾಡಿ ಹೇಳಿದ್ದರು:

"ಹೊಸ ಲೋಡು ಬರುತ್ತೆ, ಇಡೋಕೆ ಜಾಗ ಇಲ್ಲ. ಅರ್ಧ ಖಾಲಿಯಾಗಿರೋ ಡ್ರಮ್ಮೆಲ್ಲ ಒಂದಕ್ಕೊಂದು ಸೇರಿಸಿ, ಖಾಲಿಯಾದದ್ದು ಹೊರಗೆ ಹಾಕು. ಅದೊಂದು ಮುಗಿಸಿದ್ರೆ ಸಂಜೆ ಬಸ್ ಹತ್ತು. ಒಂದು ವಾರ ನಿನ್ನನ್ನ ಕರೆಯಲ್ಲ."

ಕೈಪಂಪಿನಲ್ಲಿ ಎತ್ತಿ ಸುರಿಯುತ್ತ ಕೂತರೆ ಸಂಜೆಯೇನು, ನಾಳೆ ಸಂಜೆಗೂ ಮುಗಿಯುವ ಕೆಲಸವಲ್ಲ. ಹಾಗಾಗಿ ನೊರೆಯಪ್ಪ ಹಾಸಿಗೆಯಲ್ಲಿ ಮಲಗಿ ಯೋಚಿಸಿ ಒಂದು ಉಪಾಯ ಹುಡುಕಿದ್ದ. ಖಾಲಿ ಮಾಡಬೇಕಾದ ಡ್ರಮ್ಮನ್ನು ಅಡ್ಡಗಾಲು ಎಂಬ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡಡ್ಡ ಮಲಗಿಸುವುದು, ಬಾಯಿಗೆ ನಲ್ಲಿ ಸಿಕ್ಕಿಸುವುದು, ಮೇಲಿನ ಸಣ್ಣ ಬಿರಡೆ ಸಡಿಲಿಸಿ ಗಾಳಿಗೆ ದಾರಿ ಬಿಡುವುದು. ಚಿಕ್ಕಪ್ಪ ಚಳಿಗೆ ಮುದುಡಿಕೊಂಡಿದ್ದರೆ ಮೈಗೆ ಬಿಸಿಪಟ್ಟಿ ಸುತ್ತಿ ಕಂಬಳಿ ಹೊದಿಸುವುದು. ಆಮೇಲೆ ಅದರ ಪಾಡಿಗೆ ಅದು ಇಳಿಯುತ್ತದೆ. ಇವನು ಅಷ್ಟರಲ್ಲಿ ಮುಂದಿನ ಡ್ರಮ್ಮಿಗೆ ಕೈ ಹಚ್ಚಬಹುದು. "ಇಳಿಜಾರಿದ್ರೆ ನೀರು ತಾನೇ ಹೋಗುತ್ತೆ, ಮನುಷ್ಯ ಯಾಕೆ ತೋಳು ಸವೆಸಬೇಕು?" ಎಂದು ಹೆಂಡತಿಗೆ ಹೇಳಿದ್ದ. ಅವಳು, "ಅಷ್ಟು ಬುದ್ಧಿ ಮನೆ ಕೊಳಾಯಿ ರಿಪೇರಿಗೂ ಬಂದಿದ್ರೆ ಚೆನ್ನಾಗಿತ್ತು," ಎಂದು ಮಗ್ಗುಲು ಬದಲಿಸಿದ್ದಳು.

ಈಗ ಮೊದಲು ಯಾವುದು ಯಾರು ಎಂದು ಗೊತ್ತಾಗಬೇಕಿತ್ತು. ನೊರೆಯಪ್ಪ ಪ್ರತಿ ಡ್ರಮ್ಮಿನ ಬಿರಡೆ ತೆಗೆದು, ಒಂದೊಂದಕ್ಕೂ ಹೊಸ ಕಡ್ಡಿ ಅದ್ದಿ, ಬಣ್ಣ ನೋಡಿ, ಸೀಮೆಸುಣ್ಣದಲ್ಲಿ 'ದೊ' ಎಂದೋ 'ಚಿ' ಎಂದೋ ಬರೆದ. ಬೆವರೊರೆಸಿಕೊಂಡು ಅಡ್ಡಗಾಲು ತರಲು ಹಿತ್ತಿಲಿಗೆ ಹೋದ. ಅದನ್ನು ಎಳೆದುಕೊಂಡು ಬರುವಷ್ಟರಲ್ಲಿ ಡ್ರಮ್ಮುಗಳು ಮತ್ತೆ ಥಳಥಳ ಹೊಳೆಯುತ್ತಿದ್ದವು. ಸ್ಟೋರು ನೋಡಿಕೊಳ್ಳುವ ಅಕ್ಕ ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದಳು.

"ಅಕ್ಕಾ, ಅದರ ಮೇಲೆ ಬರೆದಿದ್ನಲ್ಲ."

"ಯಾರೋ ಗೀಚಿದ್ದಾರೆ ಅಂದ್ಕೊಂಡೆ. ಮಧ್ಯಾಹ್ನ ಮಾಲೀಕರು ಯಾರೋ ದೊಡ್ಡ ಗಿರಾಕಿನ ಕರ್ಕೊಂಡು ಬರ್ತಾರಂತೆ. ಮಾವನವರು ಬೇಜಾರು ಮಾಡ್ಕೊಂಡ್ರು, ಹೊಸ ಬಣ್ಣದ ಮೇಲೆ ಬಿಳೀ ಮಚ್ಚೆ ಅಂತ. ಒರೆಸಿಬಿಟ್ಟೆ."

ಮಾವನವರು ಕುರ್ಚಿಯಿಂದಲೇ ಕೈ ಎತ್ತಿ, ಪರವಾಗಿಲ್ಲ, ಧನ್ಯವಾದ ಹೇಳಬೇಕಿಲ್ಲ ಎಂಬಂತೆ ಆಡಿಸಿದರು.

ನೊರೆಯಪ್ಪ ಎಲ್ಲ ಬಿರಡೆಗಳನ್ನೂ ಮತ್ತೆ ತೆಗೆದ. ಮತ್ತೆ ಕಡ್ಡಿ ಅದ್ದಿದ. ಈ ಸಲ ಬಣ್ಣ ಕೆಡಿಸದ, ಒರೆಸಿದರೆ ಹೋಗದ ಗುರುತು ಬೇಕೆಂದು ಪಕ್ಕದ ಅಂಗಡಿಯ ಟೈಲರಮ್ಮನ ಹತ್ತಿರ ಚಿಂದಿ ಕೇಳಿದ. ಟೈಲರಮ್ಮ ಕೇಳಿದವರಿಗೆ ಇಲ್ಲ ಎನ್ನುವವಳಲ್ಲ. ಕೊಟ್ಟದ್ದನ್ನು ಮರೆಯುವವಳೂ ಅಲ್ಲ. ಕೆಂಪು ಒಂದು ಕಂತೆ, ನೀಲಿ ಒಂದು ಕಂತೆ ಕೊಟ್ಟಳು. ನೊರೆಯಪ್ಪ ದೊಡ್ಡಪ್ಪಂದಿರ ಕೊರಳಿಗೆಲ್ಲ ಕೆಂಪು ಕಟ್ಟಿದ, ಚಿಕ್ಕಪ್ಪಂದಿರಿಗೆ ನೀಲಿ. ಈಗ ಡ್ರಮ್ಮುಗಳು ಇನ್ನಷ್ಟು ಮುದ್ದಾಗಿ ಕಂಡವು. ಮಾವನವರೂ ಮೆಚ್ಚಿ ತಲೆಯಾಡಿಸಿದರು.

ಆಮೇಲೆ ಕೆಲಸ ನಡೆದ ಚಂದವೇ ಬೇರೆ. ಡ್ರಮ್ಮು ಅಡ್ಡಗಾಲೇರಿ ಮಲಗಿತು, ನಲ್ಲಿ ತಿರುಗಿತು, ಸದ್ದಿಲ್ಲದೆ ದ್ರವ ಇಳಿಯಿತು. ಕಂಬಳಿ ಹೊದ್ದ ಚಿಕ್ಕಪ್ಪ ಕೂಡ ಮೈಮುರಿದೆದ್ದು ಸರಾಗವಾಗಿ ಹರಿದ. ಒಂದೊಂದೇ ಡ್ರಮ್ಮು ಖಾಲಿಯಾಗಿ ಅಂಗಳಕ್ಕೆ ಉರುಳಿತು. ಗೋದಾಮಿನ ಲಾರಿ ಓಡಿಸುವ ಡ್ರೈವರು ಒಳಗೆ ಬಂದವನು ಬೀಡಿಯನ್ನು ಬಾಗಿಲಲ್ಲೇ ಆರಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದಕ್ಕಿಂತ ಬೇಗ ಆಗುತ್ತೆ, ಅಣ್ಣ. ನನ್ನ ಟಯರಿಗೆ ಗಾಳಿ ತುಂಬೋ ಪೈಪ್ ಇದೆ. ಡ್ರಮ್ಮಿಗೆ ಒಂದು ಸಲ ಗಾಳಿ ಹೊಡೆದ್ರೆ ಸರ್ ಅಂತ ಈ ಕಡೆ ಬಂದುಬಿಡುತ್ತೆ."

"ಡ್ರಮ್ಮೂ ಬರುತ್ತೆ, ನಾವೂ ಹೋಗ್ತೀವಿ. ಅದು ಟಯರಲ್ಲಪ್ಪ."

"ನೋಡಿ, ನಿಮ್ಮಿಷ್ಟ. ಒಳ್ಳೇದಕ್ಕೆ ಹೇಳಿದೆ." ಡ್ರೈವರು ಹೋಗಲಿಲ್ಲ. ಉಪಕಾರ ಮಾಡುವ ಅವಕಾಶ ಇನ್ನೊಂದು ಬಂದೀತೆಂದು ಅಲ್ಲೇ ಗೋಡೆಗೆ ಒರಗಿದ.

ಮಧ್ಯಾಹ್ನ ಕಳೆಯಿತು. ಇನ್ನು ಉಳಿದದ್ದು ಒಂದೇ ಜೋಡಿ. ಮುಚ್ಚಳ ಪೂರ್ತಿ ತೆಗೆಯಬಹುದಾದ ಒಂದು ಹಳೆಯ ಡ್ರಮ್ಮಿನಲ್ಲಿ ದೊಡ್ಡಪ್ಪ ಅರ್ಧದಷ್ಟಿದ್ದ. ಇನ್ನೊಂದು ದೊಡ್ಡಪ್ಪನ ಡ್ರಮ್ಮನ್ನು ಅದಕ್ಕೆ ಇಳಿಸಿಬಿಟ್ಟರೆ ಮುಗಿಯಿತು. ನೊರೆಯಪ್ಪ ಕೊಳವೆ ತೊಳೆಯಲು ಹಿಂದಕ್ಕೆ ಹೋದ.

ಅದೇ ಹೊತ್ತಿಗೆ ಟೈಲರಮ್ಮ ಬಂದಳು. ಯಾರದೋ ನೀಲಿ ಅಂಗಿಗೆ ಜೇಬು ಹೊಲಿಯಲು ಅವಳಿಗೆ ಅಂಗೈಯಗಲ ಬಟ್ಟೆ ಸಾಲದೆ ಬಂದಿತ್ತು. ಆ ಜೋಡಿಯ ಪಕ್ಕದಲ್ಲೇ ನಿಂತಿದ್ದ ಚಿಕ್ಕಪ್ಪನ ಡ್ರಮ್ಮೊಂದರ ಕೊರಳಿನಲ್ಲಿ ಸರಿಯಾಗಿ ಅದೇ ಬಟ್ಟೆ ಕಂಡಿತು. ಬಿಚ್ಚಿಕೊಂಡಳು. ಬಿಚ್ಚಿಕೊಂಡು ಹಾಗೇ ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಕೆ ನ್ಯಾಯವಂತೆ. ಪಾಪ, ಇವನ ಡ್ರಮ್ಮು ಬೋಳಾಗಬಾರದೆಂದು ಬದಲಿಗೆ ಒಂದು ಚೆಂದದ ಕೆಂಪು ತುಂಡನ್ನು ಹೂವಿನ ಗಂಟು ಹಾಕಿ ಕಟ್ಟಿ ಹೋದಳು.

ತೊಳೆದ ಕೊಳವೆ ಹಿಡಿದು ನೊರೆಯಪ್ಪ ಬಂದಾಗ ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ನಾನು ಬ್ಯಾಗ್ ತಗೊಂಡು ಹೊರಟೆ. ನಿಮ್ಮ ಗೋದಾಮಿಗೇ ಬರ್ತೀನಿ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗೋಣ. ನಿಮ್ಮ ಸ್ವೆಟರ್ ಯಾವುದು ಇಡಲಿ ಅಂತ ಕೇಳೋಣ ಅಂದ್ರೆ ಆಗ ಫೋನೇ ತೆಗೀಲಿಲ್ಲ. ಕಂದು ಇಟ್ಟಿದೀನಿ."

"ಕಂದೇ ಸರಿ," ಎಂದ ನೊರೆಯಪ್ಪ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೈಗೆ ಮೊದಲು ಸಿಕ್ಕ ಕೆಂಪು ಬಟ್ಟೆಯ ಡ್ರಮ್ಮನ್ನು ಡ್ರೈವರನ ಜೊತೆ ಅಡ್ಡಗಾಲಿಗೇರಿಸಿದ. ಬಟ್ಟೆಯ ಗಂಟು ಹೂವಿನ ಹಾಗಿತ್ತು. ಅದನ್ನು ನೋಡಿಯೂ ಅವನಿಗೆ ಮೊಮ್ಮಗಳ ನೆನಪೇ ಬಂತು. ನಲ್ಲಿ ತಿರುಗಿಸಿದ.

ದ್ರವ ಮಂದವಾಗಿ, ದಾರದ ಹಾಗೆ, ಸೋಮಾರಿಯಾಗಿ ಇಳಿಯಿತು.

'ಇವತ್ತು ದೊಡ್ಡಪ್ಪನಿಗೂ ಚಳಿಯೇ?' ಎಂದುಕೊಂಡ ನೊರೆಯಪ್ಪ. ಬಗ್ಗಿ ನೋಡಿದ. ದಾರ ಜೇನಿನ ಬಣ್ಣದ್ದು.

ಅವನ ಕೈ ತಾನಾಗಿ ನಲ್ಲಿಯನ್ನು ಮುಚ್ಚಿತು. ಆದರೆ ಇಳಿದದ್ದು ಇಳಿದಾಗಿತ್ತು. ಡ್ರಮ್ಮಿನೊಳಗೆ ಯಾರೋ ನಿದ್ದೆಯಲ್ಲಿ ಗೊಣಗಿದ ಹಾಗೆ ಸಣ್ಣ ಸದ್ದು. ಮುಚ್ಚಳ ಹಾಕಿದರೆ ಡ್ರಮ್ಮು ಸಿಡಿಯುತ್ತದೆ, ಬಿಟ್ಟರೆ ಉಕ್ಕುತ್ತದೆ. ಉಕ್ಕಲಿ ಎಂದು ನೊರೆಯಪ್ಪ ಮುಚ್ಚಳವನ್ನು ದೂರ ಎಸೆದು ಮುಖಗವಸು ಎಳೆದುಕೊಂಡ.

"ಎಲ್ಲ ಹೊರಗೆ ಹೋಗಿ. ಅಕ್ಕಾ, ಬಾಗಿಲು ಪೂರ್ತಿ ತೆಗೀರಿ. ಮಾವನವರೇ, ಕುರ್ಚಿ ಬಿಡಿ, ನೀವು ಮಾತ್ರ ಬನ್ನಿ."

ಅಷ್ಟರಲ್ಲಿ ಡ್ರೈವರಿಗೆ ಬೆಳಗಿನಿಂದ ಕಾಯುತ್ತಿದ್ದ ಅವಕಾಶ ಬಂದುಬಿಟ್ಟಿತು. "ಉಕ್ಕೋ ಹಾಲನ್ನ ತಿರುವಿದ್ರೆ ಇಳಿಯುತ್ತೆ," ಎನ್ನುತ್ತ ಮೂಲೆಯ ಉದ್ದ ಪೊರಕೆ ತೆಗೆದು ಡ್ರಮ್ಮಿನೊಳಗೆ ಇಳಿಸಿ ಜೋರಾಗಿ ತಿರುವಿದ. ಅಲ್ಲಿಯವರೆಗೆ ದೊಡ್ಡಪ್ಪ ಚಿಕ್ಕಪ್ಪ ದೂರದಿಂದಲೇ ದುರುಗುಟ್ಟಿಕೊಂಡಿದ್ದರು. ಈಗ ಜುಟ್ಟು ಜುಟ್ಟು ಹಿಡಿದರು.

ನೊರೆಯಪ್ಪ ಡ್ರೈವರನ ಕೊರಳಪಟ್ಟಿ ಹಿಡಿದು ಹೊರಗೆಳೆದ. ತಾನೂ ಹೊರಡಬೇಕೆಂದರೆ ಬಲಗಾಲು ಬರಲಿಲ್ಲ. ಡ್ರಮ್ಮಿನ ಅಂಚು ದಾಟಿ ಬಂದ ನೊರೆ ಅವನ ಬೂಟನ್ನು ನೆಲಕ್ಕೆ ಸೇರಿಸಿ ಹಿಡಿದುಕೊಂಡಿತ್ತು. ಬೂಟನ್ನು ಅಲ್ಲಿಯೇ ಬಿಟ್ಟು, ಒಂದು ಕಾಲುಚೀಲದಲ್ಲಿ ಕುಂಟುತ್ತ ಅಂಗಳಕ್ಕೆ ಬಂದು ಬಿದ್ದ. ಕೈಕಾಲು ಮುಟ್ಟಿ ನೋಡಿಕೊಂಡ. ಎಲ್ಲರನ್ನೂ ಒಮ್ಮೆ ಎಣಿಸಿದ. ಯಾರೂ ಕಡಿಮೆಯಿರಲಿಲ್ಲ.

ಅಂಗಳದಿಂದ ನೋಡುತ್ತಿದ್ದವರಿಗೆ ನೊರೆ ಬೆಳೆಯುವುದು ಚೆನ್ನಾಗಿ ಕಾಣುತ್ತಿತ್ತು. ಅದು ಡ್ರಮ್ಮಿನ ಮೇಲೆ ಮೊದಲು ಅಣಬೆಯ ಹಾಗೆ ಎದ್ದಿತು. ಅಣಬೆ ಕೊಡೆಯಾಯಿತು, ಕೊಡೆ ಬಾಗಿ ಜಾರಿ ಬಂಡೆಯಾಯಿತು. ಬಂಡೆ ಮಾವನವರ ಕುರ್ಚಿಯನ್ನು ಮಡಿಲಿಗೆ ಎಳೆದುಕೊಂಡು, ಕೆಳಗೆ ಒಂದು ಗುಹೆಯ ಬಾಯಿ ಬಿಟ್ಟು, ನೆತ್ತಿಯ ಮೇಲೆ ಪೊರಕೆಯನ್ನು ಒಂಟಿ ಮರದ ಹಾಗೆ ನೆಟ್ಟುಕೊಂಡು, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ನಿಂತಿತು.

"ಈ ಬಣ್ಣಕ್ಕೆ ಹಸಿರು ಹೊಂದಲ್ಲ," ಎಂದರು ಮಾವನವರು.

ಸರಿಯಾಗಿ ಆಗ ಮಾಲೀಕರ ಕಾರು ಬಂತು. ಜೊತೆಯಲ್ಲಿ ಕನ್ನಡಕ ಹಾಕಿದ ಒಬ್ಬರು ಮೇಡಂ. ಹಿಂದೆಯೇ, ಎರಡು ಕೈಯಲ್ಲೂ ಬ್ಯಾಗು ಹಿಡಿದು ನೊರೆಯಪ್ಪನ ಹೆಂಡತಿ.

ಮಾಲೀಕರು ಒಳಗೆ ಇಣುಕಿದರು. ಬಂಡೆಯನ್ನು ನೋಡಿದರು. ನೊರೆಯಪ್ಪನ ಕಾಲುಚೀಲ ನೋಡಿದರು. ಕೂಗಾಡುತ್ತಾರೆಂದು ಎಲ್ಲರೂ ಕಾದರು. ಅವರು ಮೆಲ್ಲಗೆ ಮಾತಾಡಿದರು. ಅದೇ ಹೆಚ್ಚು ಭಯ ಹುಟ್ಟಿಸಿತು.

"ಇಷ್ಟು ವರ್ಷ ಆದ್ಮೇಲೂ ನಿನಗೆ ಯಾವ ಡ್ರಮ್ಮು ಯಾವುದು ಅಂತ ಗೊತ್ತಾಗಲ್ವ?"

ನೊರೆಯಪ್ಪ ಮಾವನವರ ಕಡೆ ನೋಡಿದ. ಅವರು ಕೂರಲು ಕುರ್ಚಿಯಿಲ್ಲದೆ ಗೋಡೆ ಹಿಡಿದು ನಿಂತಿದ್ದರು, ಬೈಸಿಕೊಳ್ಳುವ ಮಗುವಿನ ಮುಖ ಹೊತ್ತು. ಸ್ಟೋರಿನ ಅಕ್ಕ ಸೆರಗಿನ ತುದಿ ನೋಡುತ್ತಿದ್ದಳು. ಡ್ರೈವರು ಆಕಾಶ ನೋಡುತ್ತಿದ್ದ. ಟೈಲರಮ್ಮ ತನ್ನ ಬಾಗಿಲಲ್ಲಿ ನೀಲಿ ಜೇಬಿನ ನೂಲು ಕಡಿಯುತ್ತ, ಏನಾಯಿತೋ ಪಾಪ ಎಂದು ಮರುಗುತ್ತಿದ್ದಳು.

"ನನ್ನದೇ ತಪ್ಪು, ಸಾರ್," ಎಂದ ನೊರೆಯಪ್ಪ.

"ಹಾಗಾದ್ರೆ ನಾಳೆಯಿಂದ ಬರಬೇಡ."

ಹೆಂಡತಿ ಒಂದು ಬ್ಯಾಗು ಕೆಳಗಿಟ್ಟು, ಅದರಿಂದ ಚಪ್ಪಲಿ ತೆಗೆದು ಗಂಡನ ಮುಂದೆ ಹಾಕಿದಳು. "ಹಾಕ್ಕೊಳ್ಳಿ. ಬಸ್ ಹೋಗುತ್ತೆ," ಎಂದಳು. ಅಷ್ಟೇ.

ಇಬ್ಬರೂ ಒಂದೊಂದು ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ನೊರೆಯಪ್ಪನಿಗೆ ಎದೆ ಭಾರವಾಗಬೇಕಿತ್ತು; ಬಹುಶಃ ನಾಳೆ ಆಗುತ್ತಿತ್ತು. ಈಗ ಮಾತ್ರ ಅವನಿಗೆ ವಿಚಿತ್ರವಾಗಿ ಹಗುರ ಅನ್ನಿಸಿತು. ವಾರಕ್ಕೆ ವಾಪಸು ಬರಬೇಕೆಂಬುದೂ ಇನ್ನಿಲ್ಲ. ಮೊಮ್ಮಗಳು ಮಗ್ಗುಲಾಗುವುದನ್ನಷ್ಟೇ ಅಲ್ಲ, ಅಂಬೆಗಾಲಿಡುವುದನ್ನೂ ನೋಡಿಕೊಂಡೇ ಬರಬಹುದು.

"ಸಿಟ್ಟು ಬಂತಾ?" ಎಂದು ಕೇಳಿದ.

"ನಿಮ್ಮ ಮೇಲಾ? ಬಂದು ಬಂದು ಸಾಕಾಗಿದೆ. ಆ ಮಾವನವರ ಮುಖ ನೋಡಿ ನೀವು ಸುಮ್ಮನಾದ್ರಿ ಅಂತ ನನಗೆ ಗೊತ್ತಿಲ್ವಾ?" ಎಂದಳು. ಹೇಳಿ, ಅವನ ಕೈಯ ಭಾರದ ಬ್ಯಾಗನ್ನು ತಾನು ತೆಗೆದುಕೊಂಡು ಹಗುರದ್ದನ್ನು ಅವನಿಗೆ ಕೊಟ್ಟಳು.

ಬಸ್ಸು ನಿಂತಿತ್ತು, ಹೊರಡಲು ಇನ್ನೂ ಹೊತ್ತಿತ್ತು. ಹೆಂಡತಿ ಹತ್ತಿ ಕಿಟಕಿಯ ಪಕ್ಕದ ಎರಡು ಸೀಟು ಹಿಡಿದಳು. ನೊರೆಯಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ, ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದರು. ಮಾಲೀಕರು. ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ನೊರೆಯಪ್ಪನವರೇ, ಒಂದ್ನಿಮಿಷ ನಿಲ್ಲಿ."

ಇಷ್ಟು ವರ್ಷದಲ್ಲಿ ಮಾಲೀಕರ ಬಾಯಲ್ಲಿ ಅವನು 'ನವರು' ಆದದ್ದು ಅದೇ ಮೊದಲು. ನೊರೆಯಪ್ಪ ಹೆದರಿ ಕಾಲು ಕೆಳಗಿಟ್ಟ.

ವಿಷಯ ಇಷ್ಟು. ಆ ಮೇಡಂ ಮಕ್ಕಳ ಪಾರ್ಕುಗಳನ್ನು ಕಟ್ಟಿಸುವವರು. ಟಿಕೆಟ್ ಕೋಣೆಯ ಚಾವಣಿಗೆ ನೊರೆ ಹೊಡೆಸುವ ಮಾತಾಡಲು ಬಂದವರು, ಇವರು ಹೋದ ಮೇಲೆ ಬಂಡೆಯ ಸುತ್ತ ಮೂರು ಸುತ್ತು ಬಂದರಂತೆ, ಬಗ್ಗಿ ಗುಹೆಯೊಳಗೆ ನೋಡಿದರಂತೆ, ಪೊರಕೆಯ ಮರ ನೋಡಿ ನಕ್ಕರಂತೆ. ತಮ್ಮ ಪಾರ್ಕಿನ ಬಾಗಿಲಿಗೆ ಒಂದು ಕಲ್ಲುಬೆಟ್ಟ ಮಾಡಿಸಲು ಎಷ್ಟು ಶಿಲ್ಪಿಗಳನ್ನು ಕರೆಸಿದ್ದರೂ ಎಲ್ಲರೂ ಅಚ್ಚುಕಟ್ಟಾಗಿಯೇ ಮಾಡುತ್ತಾರಂತೆ, ಜೀವ ಇರುವುದಿಲ್ಲವಂತೆ. ಇದನ್ನು ಮಾಡಿದವರು ಯಾರು, ಅವರೇ ಬೇಕು, ಒಂದು ಇಡೀ ಬೆಟ್ಟದ ಸಾಲೇ ಬೇಕು ಎಂದು ಕೂತಿದ್ದಾರಂತೆ.

"ಹೀಗೇ ಬರಬೇಕಂತೆ," ಎಂದರು ಮಾಲೀಕರು. "ನೀವು ಇವತ್ತು ಹೇಗೆ ತಪ್ಪು ಮಾಡಿದ್ರೋ ಹಾಗೇ."

"ಅದು ಮಾಡಿದ್ದಲ್ಲ ಸಾರ್, ಆದದ್ದು."

"ಹಾಗೇ ಆಗಲಿ ಅಂತಾನೇ ಕೇಳ್ತಿರೋದು."

ಕಿಟಕಿಯಿಂದ ಹೆಂಡತಿ ತಲೆ ಹೊರಗೆ ಹಾಕಿದಳು. ಗಂಡನಿಗೆ ಮಾತು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. "ಬೆಟ್ಟ ಆಮೇಲೆ ಮಾಡ್ತಾರೆ. ಮೊದಲು ಮೊಮ್ಮಗಳನ್ನ ನೋಡ್ಬೇಕು. ಈ ಸಲ ಇವರನ್ನ ಬಿಟ್ಟು ನಾನು ಹೋಗಲ್ಲ, ಬಸ್ಸೂ ಹೋಗಲ್ಲ."

ಮಾಲೀಕರು ಕೂಡಲೇ ಒಪ್ಪಿದರು. "ಖಂಡಿತ ಹೋಗಿ ಬನ್ನಿ ತಾಯಿ, ನಾನು ಬೇಡ ಅಂದ್ನಾ? ಕೆಲಸಕ್ಕೂ ಬರಲಿ, ರಜಾನೂ ತಗೊಳ್ಳಲಿ." ನೊರೆಯಪ್ಪನ ಮುಖ ಅರಳಿತು. ಕೆಲಸ ಮರಳಿ ಬಂತು, ರಜೆಯೂ ಸಿಕ್ಕಿತು, ಮೇಲೆ ಮರ್ಯಾದೆ ಬೇರೆ. ಒಂದೇ ದಿನಕ್ಕೆ ಇಷ್ಟೆಲ್ಲ ತನ್ನಂಥವನಿಗೆ ಆಗಿದ್ದಿಲ್ಲ.

"ಅಂದ ಹಾಗೆ ಮಗಳು ಇರೋದು ಯಾವ ಊರು?" ಎಂದರು ಮಾಲೀಕರು, ಮಾತಿಗೆ ಮಾತು ಸೇರಿಸಿ.

ನೊರೆಯಪ್ಪ ಊರಿನ ಹೆಸರು ಹೇಳಿದ.

ಮಾಲೀಕರು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರೇ ಬಂದಿತ್ತು. "ಮೇಡಂ ಪಾರ್ಕು ಅದೇ ಊರಲ್ಲಿ."

ಹೊತ್ತು ಇಳಿಯುವ ಮೊದಲೇ ಲಾರಿ ಹೊರಟಿತು. ಹಿಂದೆ ಹಸಿರು ಡ್ರಮ್ಮುಗಳು, ಹಗ್ಗ ಬಿಗಿದು. ಡ್ರಮ್ಮು ಉರುಳದ ಹಾಗೆ ನೋಡಿಕೊಳ್ಳಲು ಅವುಗಳ ನಡುವೆ ನೊರೆಯಪ್ಪ. ರಜೆಯೇನೋ ಇತ್ತು; ಹಗಲಿಡೀ ಪಾರ್ಕಿನಲ್ಲಿ ಬೆಟ್ಟ ಬೆಳೆಸಿ, ಮಗು ಮಲಗಿದ ಮೇಲೆ ಮನೆಗೆ ಹೋಗಲು ಯಾರ ಅಡ್ಡಿಯೂ ಇರಲಿಲ್ಲ. ಪಕ್ಕದಲ್ಲಿ ಹೊಸ ಕುರ್ಚಿಯ ಮೇಲೆ ಮಾವನವರು. ತಾವಿಲ್ಲದಿದ್ದರೆ ಬಂಡೆ ಹಾಗೆ ಬರುವುದೇ ಇಲ್ಲ ಎಂದು ಮೇಡಂಗೆ ಅವರೇ ಹೇಳಿ ಒಪ್ಪಿಸಿದ್ದರು. ಯೋಚಿಸಿ ನೋಡಿದರೆ ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ.

ಊರು ದಾಟಿದ ಮೇಲೆ ಬಸ್ಸು ಹಾರ್ನ್ ಮಾಡುತ್ತ ಲಾರಿಯನ್ನು ಹಿಂದೆ ಹಾಕಿತು. ಕಿಟಕಿಯಲ್ಲಿ ಹೆಂಡತಿ ಕಂಡಳು. ಪಕ್ಕದ ಸೀಟಿನಲ್ಲಿ ಬ್ಯಾಗು ನೆಟ್ಟಗೆ ಕೂತಿತ್ತು. ಅವಳು ನಗು ತಡೆಯಲು ನೋಡಿ, ಆಗದೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೈ ಬೀಸಿದಳು. ನೊರೆಯಪ್ಪ ಒಂದು ಕೈಯಲ್ಲಿ ದೊಡ್ಡಪ್ಪನನ್ನೂ ಇನ್ನೊಂದರಲ್ಲಿ ಚಿಕ್ಕಪ್ಪನನ್ನೂ ತಬ್ಬಿಕೊಂಡಿದ್ದರಿಂದ ತಲೆಯನ್ನೇ ಆಡಿಸಿದ.

"ನಿಮ್ಮ ಮನೆಯವರಲ್ವಾ?" ಎಂದರು ಮಾವನವರು. "ಬಸ್ಸಲ್ಲಿ ಸೀಟು ಖಾಲಿ ಇದ್ದ ಹಾಗಿತ್ತು."

"ಇತ್ತು," ಎಂದ ನೊರೆಯಪ್ಪ.